ಹಡಗಿಗೆ ಹಡಗು: ಬಾಹ್ಯಾಕಾಶ ಕಾಳಗಕ್ಕೆ ಕೌಂಟರ್ ಕೋಷ್ಟಕ ಬೇಕೇ?

ಬೆಳಗಾವಿ ವಿಟಿಯು ಇರುವ ಊರು. ಎಂಜಿನಿಯರಿಂಗ್ ಓದುವವರಿಗೂ ಓದಿ ಮುಗಿಸಿದವರಿಗೂ ಇಲ್ಲಿ ಬರವಿಲ್ಲ. ಅವರಲ್ಲಿ ಯೂನಿಟಿಯನ್ನೋ ಗೊಡೊವನ್ನೋ (ಆಟ ಕಟ್ಟುವ ತಂತ್ರಾಂಶಗಳು) ಹಿಡಿದು ಸ್ವಂತ ಆಟ ಕಟ್ಟಲು ಹೊರಟವರು ಬಾಹ್ಯಾಕಾಶ ಕಾಳಗಕ್ಕೆ ಕೈ ಹಾಕಿದರೆ ಬೇಗನೆ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಯಾವ ಹಡಗು ಯಾವುದನ್ನು ಹೊಡೆಯಬೇಕು, ಅಂದರೆ ಯಾವುದನ್ನು ಸೋಲಿಸುವ ‘ಕೌಂಟರ್’ ಆಗಬೇಕು ಎಂಬುದನ್ನು ಏಟನ್ನು ಇಷ್ಟು ಪಟ್ಟು ಮಾಡುವ ಗುಣಕಗಳ ಕೋಷ್ಟಕದಲ್ಲಿ ಬರೆದಿಡಬೇಕೇ, ಇಲ್ಲವೇ ವೇಗ, ದೂರ, ಕವಚಗಳ ನಿಯಮದಿಂದ ಅದು ತಾನಾಗಿ ಹುಟ್ಟಬೇಕೇ? ಊರಿನ ಇಬ್ಬರು ಆಟ-ವಿನ್ಯಾಸಕರ ನಿಲುವು ಕೆಳಗಿವೆ. ಇಬ್ಬರ ಉದಾಹರಣೆಯೂ ಒಂದೇ. ಸಣ್ಣದು, ಚುರುಕಿನದು ಚಿಗರಿ, ನಡುವಿನದು ಗೂಳಿ, ದೊಡ್ಡ ಫಿರಂಗಿಯ ನಿಧಾನದ ಹಡಗು ಸಲಗ. ಕೋಷ್ಟಕದ ಪ್ರಕಾರ ಚಿಗರಿ ಸಲಗವನ್ನು, ಸಲಗ ಗೂಳಿಯನ್ನು, ಗೂಳಿ ಚಿಗರಿಯನ್ನು ಹೊಡೆಯಬೇಕು.

ಪರ: ಕೋಷ್ಟಕ ಇರಲಿ, ಲೆಕ್ಕ ಹಾಕಿ ಬರೆಯಿರಿ

ಕೋಷ್ಟಕವಿರುವ ಆಟಗಳು ಕೆಟ್ಟಿದ್ದುಂಟು. ಆದರೆ ಕೆಡಿಸಿದ್ದು ಕೋಷ್ಟಕವಲ್ಲ, ಅದರೊಳಗೆ ಅಂದಾಜಿನ ಮೇಲೆ ತುಂಬಿದ ಸಂಖ್ಯೆಗಳು. 1.5, 2 ಎಂದು ಗುಂಡಾದ ಅಂಕಿ ಬರೆದು, ಅದು ಕಣದಲ್ಲಿ ಏನಾಗುತ್ತದೆ ಎಂದು ನೋಡದೆ ಬಿಡುವವರೇ ಹೆಚ್ಚು.

1916ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಮುಂದಿಟ್ಟ ಲೆಕ್ಕ ಇಲ್ಲಿ ಕೈಹಿಡಿಯುತ್ತದೆ. ಎಲ್ಲರೂ ಎಲ್ಲರ ಮೇಲೆ ಗುರಿಯಿಟ್ಟು ಹೊಡೆಯಬಲ್ಲ ಕಾಳಗದಲ್ಲಿ ಪಡೆಯ ಬಲ ಸಂಖ್ಯೆಯ ವರ್ಗದಂತೆ ಏರುತ್ತದೆ. ಒಂದೇ ತರಹದ 10 ಹಡಗು 6ರ ಮೇಲೆ ಬಿದ್ದರೆ ಕೊನೆಗೆ ಉಳಿಯುವುದು 4 ಅಲ್ಲ, 8: ನೂರರಲ್ಲಿ 36 ಕಳೆದರೆ 64, ಅದರ ವರ್ಗಮೂಲ 8. ನೆಲದ ಮೇಲಿನ ಆಟದಲ್ಲಿ ಕಣಿವೆ, ಸೇತುವೆ ಅಡ್ಡ ಬಂದು ಹಿಂದಿನ ಸಾಲಿನವರು ಹೊಡೆಯದಂತೆ ತಡೆಯುತ್ತವೆ. ಬಾಹ್ಯಾಕಾಶದಲ್ಲಿ ಅಡ್ಡ ಬರುವಂಥದ್ದೇನೂ ಇಲ್ಲ. ಆದ್ದರಿಂದ ಸಣ್ಣ ಗುಣಕವೂ ದೊಡ್ಡ ಫಲ ಕೊಡುತ್ತದೆ.

ಚಿಗರಿ ಸಲಗಕ್ಕೆ 1.5 ಪಟ್ಟು ಏಟು ಕೊಡುತ್ತದೆ, ಸಲಗ ಚಿಗರಿಗೆ ಮಾಮೂಲಿ ಏಟು ಕೊಡುತ್ತದೆ ಅಂದುಕೊಳ್ಳಿ. ಉಳಿದದ್ದೆಲ್ಲ ಸಮವಾಗಿದ್ದರೆ ಚಿಗರಿ ಪಡೆ ಗೆದ್ದು ತನ್ನಲ್ಲಿ ಸುಮಾರು 58% ಉಳಿಸಿಕೊಳ್ಳುತ್ತದೆ. ಸಲಗದವನು ಸರಿಸಾಟಿಯಾಗಲು 1.5ರ ವರ್ಗಮೂಲದಷ್ಟು, ಅಂದರೆ 22% ಹೆಚ್ಚು ಖರ್ಚು ಮಾಡಬೇಕು. ಅದೇ ನೀವು ಎರಡೂ ಕಡೆ ಬರೆದಿರಿ ಎನ್ನಿ: ಕೊಡುವ ಏಟಿಗೆ 1.5, ತಿನ್ನುವ ಏಟಿಗೆ 0.67. ಅನುಪಾತ 2.25 ಆಯಿತು. ಗೆದ್ದವನ ಪಡೆಯಲ್ಲಿ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ, ಸೋತವನಿಗೆ 50% ಹೆಚ್ಚು ಖರ್ಚು ಬೇಕಾಗುತ್ತದೆ. ಇಷ್ಟಾದರೆ ತಪ್ಪು ಹಡಗು ಕಟ್ಟಿದವನಿಗೆ ಆಟ ಅಲ್ಲಿಗೇ ಮುಗಿಯಿತು. ಹೀಗಾಗಿ ಗುಣಕದಿಂದ ಶುರುಮಾಡಬೇಡಿ. ತಪ್ಪು ಆಯ್ಕೆಗೆ ಎಷ್ಟು ದಂಡ ಎಂದು ಮೊದಲು ತೀರ್ಮಾನಿಸಿ, ಅದರ ವರ್ಗವನ್ನು ಗುಣಕವಾಗಿಡಿ. 20%ರ ದಂಡಕ್ಕೆ 1.2ರ ವರ್ಗವಾದ 1.44 ಸಾಕು. 30% ದಾಟಿದರೆ ಅದು ಆಟವಲ್ಲ, ಲಾಟರಿ.

ಇನ್ನೊಂದು ಸಂಗತಿ ಭಾಳ ಜನರಿಗೆ ನಂಬಿಕೆಯೇ ಬರುವುದಿಲ್ಲ. ಮೂರು ಹಡಗುಗಳ ಸುತ್ತಿನಲ್ಲಿ ಚಿಗರಿಯು ಸಲಗದ ಮೇಲೆ ಗಳಿಸುವ ಲಾಭವನ್ನು ಎರಡು ಪಟ್ಟು ಮಾಡಿ, ಉಳಿದೆರಡು ಲಾಭಗಳನ್ನು ಒಂದಕ್ಕೇ ಬಿಡಿ. ಚತುರ ಆಟಗಾರರು ಯಾವುದನ್ನು ಹೆಚ್ಚು ಕಟ್ಟುತ್ತಾರೆ? ಚಿಗರಿಯನ್ನಲ್ಲ, ಗೂಳಿಯನ್ನು. ಆಟ ಸಿದ್ಧಾಂತದ ಸಮತೋಲನದಲ್ಲಿ (ಆಯ್ಕೆ ಬದಲಿಸಿ ಯಾರಿಗೂ ಲಾಭವಾಗದ ಸ್ಥಿತಿಯಲ್ಲಿ) ಒಂದು ಹಡಗಿನ ಪಾಲನ್ನು ನಿರ್ಧರಿಸುವುದು ಅದು ಭಾಗವಹಿಸದ ಜೋಡಿಯ ಲಾಭ. ಇಲ್ಲಿ ಗೂಳಿ 50%, ಚಿಗರಿ ಮತ್ತು ಸಲಗ ತಲಾ 25%. ಅಂದರೆ ಎಲ್ಲರೂ ಗೂಳಿಯನ್ನೇ ಕಟ್ಟುತ್ತಿದ್ದಾರೆ ಎಂದು ಗೂಳಿಯ ಎಚ್‌ಪಿ (ಸಾಯುವ ಮುನ್ನ ತಾಳಬಲ್ಲ ಒಟ್ಟು ಏಟು) ಕತ್ತರಿಸುವುದು ತಪ್ಪು ಮದ್ದು. ರೋಗ ಇರುವುದು ಚಿಗರಿ-ಸಲಗದ ಮನೆಯಲ್ಲಿ. ಕೋಷ್ಟಕವಿದ್ದರೆ ಈ ಮನೆ ಯಾವುದೆಂದು ಬೆರಳಿಟ್ಟು ತೋರಿಸಬಹುದು. ಮೂರು ವರ್ಗಕ್ಕೆ ಒಂಬತ್ತು ಮನೆ, ಅಷ್ಟೇ.

ಕೋಷ್ಟಕ ಬರೆದು ಗುರಿ ಹಿಡಿಯುವ ನಿಯಮವನ್ನು ಮರೆತರೆ ಎಲ್ಲ ನೀರಿನಲ್ಲಿ ಹೋಮ. ಹಡಗುಗಳು ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತಿದ್ದರೆ 1.5, 1, 0.67ರ ಸರಾಸರಿ 1.06 ಮಾತ್ರ, ಕಲಬೆರಕೆ ಪಡೆಗಳ ಕಾಳಗದಲ್ಲಿ ನಿಮ್ಮ ಕೋಷ್ಟಕ ಇದ್ದೂ ಇಲ್ಲದಂತೆ. ಪ್ರತಿ ಹಡಗೂ ಗುಣಕವನ್ನು ದೂರದಿಂದ ಭಾಗಿಸಿ ಅಂಕ ಕೊಟ್ಟು ಗುರಿ ಆರಿಸಲಿ. ಹೊಸ ಗುರಿಯ ಅಂಕ ಹಳೆಯದಕ್ಕಿಂತ ಕಾಲುಪಾಲಾದರೂ ಹೆಚ್ಚಿದ್ದರೆ ಮಾತ್ರ ತಿರುಗಲಿ. ಇಲ್ಲದಿದ್ದರೆ ಫಿರಂಗಿಗಳು ಅತ್ತಿತ್ತ ತಿರುಗುತ್ತ ಹೊಡೆಯುವುದನ್ನೇ ಮರೆಯುತ್ತವೆ.

ಕೋಷ್ಟಕವನ್ನು ಬಚ್ಚಿಡುವುದು ಮತ್ತೊಂದು ತಪ್ಪು. 1998ರ ಕಂಪ್ಯೂಟರ್ ತಂತ್ರದಾಟ ಸ್ಟಾರ್‌ಕ್ರಾಫ್ಟ್‌ನಲ್ಲಿ ಸ್ಫೋಟಕ ಏಟು ಸಣ್ಣ ಮೈಗೆ 50%, ನಡುವಿನದಕ್ಕೆ 75%, ದೊಡ್ಡದಕ್ಕೆ ಪೂರ್ತಿ ತಾಗುತ್ತಿತ್ತು. ಆದರೆ ಆಡುತ್ತಿರುವಾಗ ಈ ಶೇಕಡಾವಾರು ಪರದೆಯ ಮೇಲೆ ಕಾಣುತ್ತಿರಲಿಲ್ಲ. 2010ರ ಎರಡನೇ ಭಾಗದಲ್ಲಿ ಯಾರ ಮೇಲೆ ಎಷ್ಟು ಹೆಚ್ಚುವರಿ ಏಟು ಎಂಬುದನ್ನು ಘಟಕದ ವಿವರದಲ್ಲೇ ತೋರಿಸಿದರು. ಆರು ಇಂಚಿನ ಫೋನ್ ಪರದೆಯಲ್ಲಂತೂ ಹಡಗಿನ ತಲೆಯ ಮೇಲೆ ಹಸಿರು ಅಥವಾ ಕೆಂಪು ಬಾಣದ ಗುರುತು ಸಾಕು. ಕೋನವೇಗದ (ಗುರಿಯ ದಿಕ್ಕು ಎಷ್ಟು ಬೇಗ ಬದಲಾಗುತ್ತದೆ ಎಂಬುದರ) ಪಾಠ ಮಾಡಲು ಅಲ್ಲಿ ಜಾಗವಿಲ್ಲ.

ಫೋನ್ ಎಂದಾಗ ತಂತ್ರದ ಒಂದು ಮಾತು. ಹಲವರು ಕೂಡಿ ಆಡುವ ತಂತ್ರದಾಟಗಳಲ್ಲಿ ಎಲ್ಲ ಹಡಗುಗಳ ಸ್ಥಿತಿಯನ್ನು ಕಳಿಸುತ್ತ ಕೂಡುವ ಬದಲು ಆಟಗಾರರ ಆಜ್ಞೆಗಳನ್ನಷ್ಟೇ ಕಳಿಸಿ, ಪ್ರತಿ ಫೋನೂ ಅದೇ ಲೆಕ್ಕವನ್ನು ತಾನೇ ಮಾಡಿಕೊಳ್ಳುವ ಪದ್ಧತಿಯಿದೆ. ಸಿಗ್ನಲ್ ಬಂದು ಹೋಗುವ ಹಳ್ಳಿಗಾಡಿಗೆ ಇದೇ ತಕ್ಕದ್ದು. ಆದರೆ ದಶಾಂಶದ ಕೊನೆಯ ಅಂಕಿ ಎರಡು ಚಿಪ್‌ಗಳಲ್ಲಿ ಬೇರೆ ಬಂದರೆ ಕೆಲವೇ ನಿಮಿಷದಲ್ಲಿ ಎರಡು ಫೋನಿನಲ್ಲಿ ಎರಡು ಬೇರೆ ಯುದ್ಧ ನಡೆಯುತ್ತಿರುತ್ತವೆ. ಕೋಷ್ಟಕದ ಲೆಕ್ಕ ಪೂರ್ಣಾಂಕದಲ್ಲೇ ಮುಗಿಯುತ್ತದೆ. 1.44ರ ಬದಲು 144 ಎಂದಿಟ್ಟು ಕೊನೆಗೆ ನೂರರಿಂದ ಭಾಗಿಸಿದರಾಯಿತು.

ಬೇಹು ಹಡಗು ಇಲ್ಲದ ಆಟಕ್ಕೆ ಕೋಷ್ಟಕ ಹಾಕಬೇಡಿ, ಇದೊಂದು ಷರತ್ತು. ಎದುರಾಳಿಯ ಪಡೆ ಕಣ್ಣಿಗೆ ಬಿದ್ದ ಮೇಲೆ ಅದು ಬಂದು ತಲುಪುವ ಮುನ್ನ ತಕ್ಕ ಹಡಗಿನ ಒಂದು ಕಂತಾದರೂ ಕಟ್ಟಿ ಮುಗಿಯುವಂತಿರಬೇಕು. ಸಲಗ ಕಟ್ಟಲು 90 ಸೆಕೆಂಡು ಬೇಕಿದ್ದರೆ, ಬೇಹು 90 ಸೆಕೆಂಡಿನ ದಾರಿಯಷ್ಟು ಮುಂದೆ ನೋಡಬೇಕು.

ವಿರೋಧ: ಬಲವೂ ದೌರ್ಬಲ್ಯವೂ ಹಡಗಿನ ಮೈಯಲ್ಲೇ ಇರಲಿ

ಬೇಹು ನೋಡಿತು, ಕಾರ್ಖಾನೆಯಲ್ಲಿ ತಕ್ಕ ಹಡಗು ಕಟ್ಟಿದ್ದಾಯಿತು. ಆಮೇಲೆ ಆಟಗಾರನಿಗೆ ಏನು ಕೆಲಸ? ಹಸಿರು ಬಾಣ ನೋಡುತ್ತ ಕೂಡುವುದು. ಕೋಷ್ಟಕದ ಕಾಳಗ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಕಣದಲ್ಲಿ ನಡೆಯುವುದು ಅದರ ಪ್ರದರ್ಶನ.

ಲ್ಯಾಂಚೆಸ್ಟರ್ ಲೆಕ್ಕವನ್ನೂ ಜೋಪಾನವಾಗಿ ಬಳಸಬೇಕು. ವರ್ಗದ ನಿಯಮ ಒಂದೇ ಅಳತೆಯ ಹಡಗುಗಳಿಗೆ ಚೆನ್ನಾಗಿ ಒಪ್ಪುತ್ತದೆ. ನಮ್ಮ ತೊಂದರೆಯೇ ಅಳತೆ ಬೇರೆಯಾಗಿರುವುದು. ಸಲಗದ ಬೆಲೆ ಎಂಟು ಚಿಗರಿಯಷ್ಟು, ಅದಕ್ಕೆ ಎಂಟು ಪಟ್ಟು ಎಚ್‌ಪಿ, ಎಂಟು ಪಟ್ಟು ಡಿಪಿಎಸ್ (ಸೆಕೆಂಡಿಗೆ ಕೊಡುವ ಏಟು) ಕೊಟ್ಟಿರಿ ಎನ್ನಿ. ನ್ಯಾಯವಾಗಿಯೇ ಕಾಣುತ್ತದೆ. ಒಂದು ಸಲಗ, ಎಂಟು ಚಿಗರಿ ಎದುರಾದರೆ? ಒಂದು ಚಿಗರಿ ಸೆಕೆಂಡಿಗೆ ಒಂದು ಏಟು ಕೊಡುತ್ತದೆ, ಒಂದು ಏಟಿಗೆ ಸಾಯುತ್ತದೆ ಅಂದುಕೊಳ್ಳಿ. ಸಲಗ ಸೆಕೆಂಡಿನ ಎಂಟನೇ ಒಂದು ಪಾಲಿಗೆ ಒಂದೊಂದನ್ನು ಉರುಳಿಸುತ್ತದೆ. ಚಿಗರಿಗಳು 8, 7, 6 ಎಂದು ಕರಗುತ್ತ ಒಟ್ಟು ಕೊಡುವ ಏಟು 36ನ್ನು 8ರಿಂದ ಭಾಗಿಸಿದಷ್ಟು, ಅಂದರೆ 4.5. ಸಲಗದ ಎಚ್‌ಪಿ 8. ಅದು 44% ಉಳಿಸಿಕೊಂಡು ಗೆಲ್ಲುತ್ತದೆ, ಏಕೆಂದರೆ ಕೊನೆಯ ಎಚ್‌ಪಿ ಹೋಗುವವರೆಗೂ ಅದರ ಫಿರಂಗಿಗಳೆಲ್ಲ ಹೊಡೆಯುತ್ತಲೇ ಇರುತ್ತವೆ. ಸರಿಸಮ ಆಗಬೇಕಾದರೆ ಎಚ್‌ಪಿ ಮತ್ತು ಡಿಪಿಎಸ್‌ನ ಗುಣಲಬ್ಧ 64 ಅಲ್ಲ, 36 ಇರಬೇಕು: ಆರು ಪಟ್ಟು, ಆರು ಪಟ್ಟು.

ಇಲ್ಲಿಗೇ ನಿಲ್ಲಿಸಿದರೂ ಮೋಸ ಹೋಗುತ್ತೀರಿ. 10 ಸಲಗ, 80 ಚಿಗರಿ ಆದಾಗ ಬೇಕಾಗುವ ಗುಣಲಬ್ಧ ಸುಮಾರು 59ಕ್ಕೆ ಏರುತ್ತದೆ, ಪಡೆ ಬೆಳೆದಷ್ಟೂ 64ರ ಕಡೆ ವಾಲುತ್ತದೆ. ಅಂದರೆ ಆಟದ ಆರಂಭದಲ್ಲಿ ಸಮವಾಗಿದ್ದ ಹಡಗು ಕೊನೆಗೆ ದುರ್ಬಲ. ಒಂದೇ ಗುಣಕ ಬರೆದ ಕೋಷ್ಟಕಕ್ಕೆ ಇದು ಕಾಣುವುದೇ ಇಲ್ಲ. ಎರಡನ್ನೂ ಏಳು-ಏಳು ಪಟ್ಟು ಇಟ್ಟು, 300, 1,000, 5,000 ಕ್ರೆಡಿಟ್ಟಿನ (ಆಟದೊಳಗಿನ ಹಣದ) ಪಡೆಗಳ ಮೂರು ಅಳತೆಯಲ್ಲೂ ಓಡಿಸಿ ನೋಡುವುದು ಒಳ್ಳೆಯದು.

ಹಾಗಾದರೆ ಚಿಗರಿ ಸಲಗವನ್ನು ಹೊಡೆಯುವುದು ಹೇಗೆ? ಕೋನವೇಗದಿಂದ. ಅಡ್ಡ ವೇಗವನ್ನು ದೂರದಿಂದ ಭಾಗಿಸಿದರೆ ಅದು ಬಂತು. ಸೆಕೆಂಡಿಗೆ 200 ಮೀಟರ್ ಓಡುವ ಚಿಗರಿ 4,000 ಮೀಟರ್ ದೂರದಲ್ಲಿ ಸುತ್ತಿದರೆ ಸೆಕೆಂಡಿಗೆ 0.05 ರೇಡಿಯನ್, 500 ಮೀಟರಿಗೆ ನುಗ್ಗಿದರೆ 0.4. ಸಲಗದ ಫಿರಂಗಿ 0.1ರಷ್ಟೇ ತಿರುಗಬಲ್ಲದಾದರೆ ದೂರದಲ್ಲಿ ಚಿಗರಿ ಸಾಯುತ್ತದೆ, ಹತ್ತಿರ ಬಂದರೆ ಸಲಗಕ್ಕೆ ದಿಕ್ಕು ತೋಚುವುದಿಲ್ಲ. ನೇರ ಮೂಗಿಗೆ ಮೂಗು ಬರುವ ಚಿಗರಿಯ ಕೋನವೇಗ ಸೊನ್ನೆ, ಹಾಗಾಗಿ ಓರೆಯಾಗಿ ಬರುವುದನ್ನು ಆಟಗಾರ ಕಲಿಯುತ್ತಾನೆ. ಬಾಹ್ಯಾಕಾಶದ ಆಟ ಈವ್ ಆನ್‌ಲೈನ್ 2003ರಿಂದ ಇದೇ ತತ್ವದ ಮೇಲೆ ನಡೆದಿದೆ. ಯಾರು ಯಾರನ್ನು ಗೆಲ್ಲುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಒಂದಲ್ಲ, ನಿಂತ ಜಾಗದ ಮೇಲೆ ಎರಡು.

ನಮ್ಮ ಕಡೆ ಕಟ್ಟೆಯ ಮೇಲೆ ಗೀಟು ಕೊರೆದು ಆಡುವ ಆಡು-ಹುಲಿ ಆಟ ನೋಡಿ. ಮೂರು ಹುಲಿ, ಹದಿನೈದು ಆಡಿನ ಬಗೆಯಲ್ಲಿ ಆಡಿಗೆ ಹುಲಿಯ ಮೇಲೆ 1.44 ಎಂದು ಯಾರೂ ಬರೆದಿಲ್ಲ. ಹುಲಿ ಹಾರಿ ತಿನ್ನುತ್ತದೆ, ಆಡು ಹಾರಲಾರದು, ಹಾರುವ ಜಾಗ ತುಂಬಿಸಿದರೆ ಹುಲಿ ಕಟ್ಟಿಬಿತ್ತು. ಸಮತೋಲನವೆಲ್ಲ ನಡೆಯ ನಿಯಮದಲ್ಲೇ ಇದೆ.

ಈ ದಾರಿಯಲ್ಲಿ ಗುಂಡಿಗಳಿಲ್ಲ ಎನ್ನುತ್ತಿಲ್ಲ. ದೊಡ್ಡ ಗುಂಡಿ ಎಂದರೆ ಹೆಚ್ಚುವರಿ ಏಟು ವ್ಯರ್ಥವಾಗುವುದು. ಸಲಗದ ಫಿರಂಗಿ 3 ಸೆಕೆಂಡಿಗೊಮ್ಮೆ 150 ಏಟು ಕೊಡುತ್ತದೆ. ಕಾಗದದ ಮೇಲೆ ಡಿಪಿಎಸ್ 50. ಚಿಗರಿಯ ಎಚ್‌ಪಿ 100 ಆದರೆ 50 ಏಟು ಗಾಳಿಗೆ. ಚಿಗರಿಯ ದೌರ್ಬಲ್ಯಕ್ಕೆ ಇದು ಸಹಜ ಕಾಪು, ಬೇಕಾದ್ದೇ. ಆದರೆ ಚಿಗರಿಯ ಎಚ್‌ಪಿ 150ರಿಂದ 151 ಆದ ಕ್ಷಣ ಒಂದು ಗುಂಡಿನ ಬದಲು ಎರಡು ಬೇಕು. ಆಟದೊಳಗಿನ ಒಂದು ಪುಟಗೋಸಿ ಸುಧಾರಣೆ ಹಡಗಿನ ತಾಳಿಕೆಯನ್ನು ದುಪ್ಪಟ್ಟು ಮಾಡಿಬಿಡುತ್ತದೆ. ಏಟಿನಲ್ಲಿ ಹತ್ತು-ಹದಿನೈದು ಶೇಕಡಾ ಏರಿಳಿತ ಇಟ್ಟರೆ ಈ ಮೆಟ್ಟಿಲು ಇಳಿಜಾರಾಗುತ್ತದೆ. ಹತ್ತು ಸಲಗ ಒಂದೇ ಚಿಗರಿಗೆ 1,500 ಏಟು ಸುರಿಯದಂತೆ, ಈಗಾಗಲೇ ಹಾರುತ್ತಿರುವ ಗುಂಡುಗಳ ಏಟನ್ನು ಕಳೆದು ಗುರಿ ಹಂಚಬೇಕು.

ಕವಚವನ್ನು ಶೇಕಡಾದಲ್ಲಿ ಅಲ್ಲ, ಕಳೆಯುವ ಸಂಖ್ಯೆಯಾಗಿ ಇಡಿ. ಕವಚ 5 ಆದಾಗ ಸೆಕೆಂಡಿಗೆ 10 ಏಟಿನ ಹತ್ತು ಗುಂಡು ಹಾರಿಸುವ ಗನ್ನಿನ 100 ಡಿಪಿಎಸ್ 50ಕ್ಕೆ ಇಳಿಯುತ್ತದೆ. 100 ಏಟಿನ ಒಂದೇ ಗುಂಡು 95 ಕೊಡುತ್ತದೆ. ಸಲಗ-ಗೂಳಿಯ ಕೌಂಟರ್ ಇಲ್ಲೇ ಹುಟ್ಟಿತು. ಎಷ್ಟೇ ಕವಚವಿದ್ದರೂ ಏಟಿನ ಐದನೇ ಒಂದು ಪಾಲು ತಾಗಲೇಬೇಕೆಂಬ ಕನಿಷ್ಠ ಮಿತಿ ಮಾತ್ರ ಇರಲಿ, ಇಲ್ಲವಾದರೆ ಕವಚ 9 ಆದ ದಿನ ಸಣ್ಣ ಗನ್ನು ಆಟಿಕೆ. ತಪ್ಪಿಸಿಕೊಳ್ಳುವ ಪ್ರಮಾಣವೂ ಹೀಗೆಯೇ: 80%ರಿಂದ 90%ಕ್ಕೆ ಹೋದರೆ ಆಯುಷ್ಯ ದುಪ್ಪಟ್ಟು, 95%ಕ್ಕೆ ಹೋದರೆ ಮತ್ತೆ ದುಪ್ಪಟ್ಟು. ಕೂಡುತ್ತ ಹೋಗುವ ಶೇಕಡಾಗಳಿಗೆ ಮೇಲ್ಮಿತಿ ಇಲ್ಲದಿದ್ದರೆ ಆಟ ಕೈಬಿಟ್ಟು ಹೋಗುತ್ತದೆ.

ಓಡುತ್ತ ಹೊಡೆಯುವವನ ಲೆಕ್ಕ ಸುಲಭ. ಇವನ ಗುಂಡು 1,000 ಮೀಟರ್ ಹೆಚ್ಚು ದೂರ ಹೋಗುತ್ತದೆ, ಅಟ್ಟಿಸಿಕೊಂಡು ಬರುವವನ ವೇಗ ಸೆಕೆಂಡಿಗೆ 20 ಮೀಟರ್ ಹೆಚ್ಚು ಎಂದರೆ 50 ಸೆಕೆಂಡು ಪುಕ್ಕಟೆ ಹೊಡೆತ. ಆ ಏಟು ಬೆನ್ನಟ್ಟುವವನ ಎಚ್‌ಪಿಯ ಮೂರನೇ ಒಂದು ಪಾಲು ಮೀರಬಾರದು. ಅತಿ ದೂರ ಹೊಡೆಯುವ ಹಡಗೇ ಅತಿ ವೇಗದ್ದೂ ಆದರೆ ಈ ಲೆಕ್ಕಕ್ಕೆ ಕೊನೆಯೇ ಇಲ್ಲ.

ದುರಸ್ತಿ ಹಡಗುಗಳ ಬಗ್ಗೆ ಪರ ವಾದ ಮೌನವಾಗಿದೆ, ಕೋಷ್ಟಕಕ್ಕೆ ಅದರ ಮನೆ ಎಲ್ಲಿಯದು? ಸೆಕೆಂಡಿಗೆ 20 ಎಚ್‌ಪಿ ತುಂಬುವ ಐದು ಹಡಗು ಒಂದೇ ಸಲಗಕ್ಕೆ ಅಂಟಿಕೊಂಡರೆ 90 ಡಿಪಿಎಸ್‌ನ ಪಡೆ ಬೆಳಗಿನವರೆಗೆ ಹೊಡೆದರೂ ಅದು ಸಾಯದು. ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು ಎಂದು ಇಳಿಸಿದರೆ ಐದೂ ಸೇರಿ 39 ದಾಟುವುದಿಲ್ಲ.

ಫೋನುಗಳ ಲೆಕ್ಕ ಬೇರೆಯಾಗುವ ಭಯ ನಿಜ, ಆದರೆ ಅದಕ್ಕೆ ಮದ್ದು ಕೋಷ್ಟಕವಲ್ಲ, ಮೀಟರಿನ ಬದಲು ಮಿಲಿಮೀಟರಿನಲ್ಲಿ ಪೂರ್ಣಾಂಕ ಇಟ್ಟುಕೊಳ್ಳುವುದು. ಕೋನವೇಗವನ್ನು ಸೆಕೆಂಡಿಗೆ ಹತ್ತು ಸಲ ಲೆಕ್ಕ ಹಾಕಿದರೆ ಸಾಕು, ಅಗ್ಗದ ಫೋನೂ ತಡೆಯುತ್ತದೆ. ಸುತ್ತಿ ಹೊಡೆಯುವುದೋ ದೂರದಲ್ಲಿ ನಿಲ್ಲುವುದೋ ಎಂಬುದನ್ನು ಎರಡು ಬಟನ್ನಿಗೆ ಇಳಿಸಿದರೆ ಆರು ಇಂಚಿನ ಪರದೆಗೂ ಒಗ್ಗುತ್ತದೆ.

ತಿದ್ದುವಾಗ ಮೊದಲು ಬೆಲೆ ಮತ್ತು ಕಟ್ಟುವ ಸಮಯ ಮುಟ್ಟಿ, ಆಮೇಲೆ ಎಚ್‌ಪಿ, ಫಿರಂಗಿ ತಿರುಗುವ ವೇಗ. ಗುಂಡಿನ ದೂರವನ್ನು ಕೊನೆಗೆ ಮುಟ್ಟಿ: ಅದನ್ನು 200 ಮೀಟರ್ ಸರಿಸಿದರೂ ಪುಕ್ಕಟೆ ಹೊಡೆತದ ಸೆಕೆಂಡು, ಕೋನವೇಗ, ಎಷ್ಟು ಹಡಗು ಒಟ್ಟಿಗೆ ಹೊಡೆಯಬಲ್ಲವು ಎಂಬುದು ಮೂರೂ ಬದಲಾಗಿ ಎಲ್ಲ ಜೋಡಿಗಳ ಪರೀಕ್ಷೆ ಮೊದಲಿನಿಂದ ಮಾಡಬೇಕಾಗುತ್ತದೆ.