ಹಳ್ಳಿಯವಳೆಂದು ಸಹಿ ಹಾಕಿಸಿಕೊಂಡು ಬಾ

ಇವತ್ತು ಅರ್ಧ ದಿನ ಶಿಕ್ಷಣಾಧಿಕಾರಿಗಳ ಕಚೇರಿಯೊಂದರ ವರಾಂಡದಲ್ಲಿ ನಿಂತು ಬಂದಿದ್ದೇನೆ. ಕಾಲಿಗಿಂತ ತಲೆ ಹೆಚ್ಚು ನೋಯುತ್ತಿದೆ. ಬರಹ ಖಾರವಾಗಿದ್ದರೆ ಸಹಿಸಿಕೊಳ್ಳಿ, ಆಗದಿದ್ದರೆ ಮುಂದೆ ಸಾಗಿ ಯಾರದಾದರೂ ಗೃಹಪ್ರವೇಶದ ಫೋಟೊ ನೋಡಿ.

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರೆಯುತ್ತಾಳೆಂದು ನಾನು ಎಲ್ಲರೆದುರೂ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ನನ್ನ ತರಗತಿಯ ಹುಡುಗಿ, ಅವಳ ವಿಷಯವೇ ಇದು. ಮೂರು ಗಂಟೆ, 180 ಪ್ರಶ್ನೆ, 720 ಅಂಕ, ತಪ್ಪುತ್ತರಕ್ಕೆ ಒಂದೊಂದು ಅಂಕ ಕಡಿತ. ಓಲೆ ಬಿಚ್ಚಿಸಿ, ಅಂಗಿಯ ತೋಳಿನ ಉದ್ದ ನೋಡಿ ಒಳಗೆ ಬಿಟ್ಟರು. ಬರೆದಳು, ಒಳ್ಳೆಯ ಅಂಕವೇ ಬಂತು. ಆದರೆ ಆ ಅಂಕಕ್ಕೆ 2ಎಜಿ (ಹಿಂದುಳಿದ ವರ್ಗ 2ಎ, ಸಾಮಾನ್ಯ) ಸಾಲಿನಲ್ಲಿ ಸರ್ಕಾರಿ ಕಾಲೇಜು ಸಿಗುವುದು ಅನುಮಾನ, 2ಎಆರ್ ಸಾಲಿನಲ್ಲಿ ಸಿಗುವ ಸಂಭವವಿದೆ. ಕಟ್ ಆಫ್ ಪಟ್ಟಿ ನೋಡಿದವರಿಗೆ ಗೊತ್ತು, ಆ ‘ಆರ್’ ಎಂದರೆ ಗ್ರಾಮೀಣ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15 ಮೀಸಲಾತಿ. ಕನ್ನಡ ಮಾಧ್ಯಮದವರಿಗೆ ಬೇರೆ ಶೇ 5. ಇವಳಿಗೆ ಎರಡೂ ಸಲ್ಲಬೇಕು. ಈಗ ಅದನ್ನು ಸಾಬೀತು ಮಾಡಬೇಕಂತೆ.

ಐದನೆಯವರೆಗೆ ಊರಿನ ಕಿರಿಯ ಪ್ರಾಥಮಿಕ ಶಾಲೆ, ಏಳರವರೆಗೆ ಪಕ್ಕದ ಊರು, ಆಮೇಲೆ ಹೋಬಳಿಯ ಪ್ರೌಢಶಾಲೆ. ಮೂರು ಶಾಲೆ, ಮೂವರು ಮುಖ್ಯ ಶಿಕ್ಷಕರ ಸಹಿ, ಮೊಹರು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ. ಇವುಗಳಲ್ಲಿ ಮೊದಲನೆಯ ಶಾಲೆಗೆ ಮಕ್ಕಳಿಲ್ಲವೆಂದು ಸರ್ಕಾರವೇ ಬೀಗ ಹಾಕಿದೆ. ದಾಖಲಾತಿ ಪುಸ್ತಕ ಇನ್ನೊಂದು ಶಾಲೆಯ ಬೀರುವಿನಲ್ಲಿದೆ. ಅಲ್ಲಿನ ಮುಖ್ಯ ಶಿಕ್ಷಕರು ಒಳ್ಳೆಯವರು, ಹುಡುಕಿ ತೆಗೆದರು. ತೆಗೆದರೆ ಏನಿದೆ? ತಂದೆಯ ಹೆಸರು ಮಂಜಯ್ಯ. ಆಧಾರ್‌ನಲ್ಲಿ ಮಂಜುನಾಥ. ಜಾತಿ ಆದಾಯ ಪತ್ರದಲ್ಲಿ ಮಂಜುನಾಥಯ್ಯ. ಮನುಷ್ಯ ಒಬ್ಬನೇ, ಎದುರಿಗೇ ನಿಂತಿದ್ದಾನೆ.

‘ಹೆಸರು ಸರಿಪಡಿಸಿಕೊಂಡು ಬನ್ನಿ’ ಎಂದರು ವಿಷಯ ನಿರ್ವಾಹಕರು, ತಲೆ ಎತ್ತದೆ.

‘ಎಲ್ಲಿ ಸ್ವಾಮಿ?’

‘ಶಾಲೆಯಲ್ಲಿ.’

‘ಶಾಲೆ ಮುಚ್ಚಿದೆ ಸ್ವಾಮಿ.’

‘ಹಾಗಾದರೆ ಅಫಿಡವಿಟ್ ಮಾಡಿಸಿ. ನಾಳೆ ಸಾಹೇಬರು ಮೀಟಿಂಗ್‌ಗೆ ಹೋಗುತ್ತಾರೆ, ನಾಡಿದ್ದು ಬನ್ನಿ.’

ಆ ತಂದೆ ಎಲ್ಲದಕ್ಕೂ ತಲೆಯಾಡಿಸಿದ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಮಗಳ ಹನ್ನೆರಡು ವರ್ಷದ ಓದು, ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿದ್ದ ಜೆರಾಕ್ಸ್ ಪ್ರತಿಗಳು. ಯಾವ ಹಾಳೆ ಕೇಳಿದರೂ ಇಡೀ ಕಟ್ಟನ್ನೇ ಮುಂದೆ ಚಾಚುತ್ತಿದ್ದ. ಓದಲು ಬಾರದೆಂದು ಹೇಳಿಕೊಳ್ಳಲು ಸಂಕೋಚ. ನನಗೆ ಸಿಟ್ಟು ಬಂದದ್ದು ಅಲ್ಲಿ. ಹಳ್ಳಿಯವರೆಂದು ರುಜುವಾತು ಮಾಡಿಕೊಳ್ಳುವುದಕ್ಕೆ ಪೇಟೆಯವರ ಚಾಲಾಕಿತನ ಬೇಕಲ್ಲ! ಯಾವ ಮೇಜಿಗೆ ಹೋಗಬೇಕು, ಯಾವ ನಮೂನೆ ತರಬೇಕು, ಯಾರಿಗೆ ಫೋನ್ ಮಾಡಿಸಬೇಕು, ಇಷ್ಟು ತಿಳಿದಿರುವ ಮನೆಯ ಮಗುವಿಗೆ ಈ ಕೋಟಾ ಅಷ್ಟಾಗಿ ಬೇಕಾಗಿಯೂ ಇರುವುದಿಲ್ಲ.

ಈಗ ಬರುತ್ತಾರೆ ನಮ್ಮ ವ್ಯವಸ್ಥೆಯ ವಕೀಲರು. ಸುಳ್ಳು ಪ್ರಮಾಣಪತ್ರಗಳ ಹಾವಳಿ ಇದೆ, ಪರಿಶೀಲನೆ ಬೇಡವೇ ಎನ್ನುತ್ತಾರೆ. ಬೇಕು ಮಹಾನುಭಾವರೇ. ಆದರೆ ಸುಳ್ಳು ಪತ್ರ ಮಾಡಿಸುವವನ ಕಾಗದದಲ್ಲಿ ಇನಿಷಿಯಲ್ ತಪ್ಪಿದ್ದನ್ನು ಎಂದಾದರೂ ಕಂಡಿದ್ದೀರಾ? ದುಡ್ಡು ಕೊಟ್ಟು ಮಾಡಿಸಿದ್ದು, ಅಚ್ಚುಕಟ್ಟಾಗಿಯೇ ಇರುತ್ತದೆ. ತಪ್ಪುಗಳಿರುವುದು ನಿಜವಾದ ಕಾಗದದಲ್ಲಿ. ಇನ್ನು ಕೆಲವರು, ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯ ಸ್ಯಾಟ್ಸ್ ಸಂಖ್ಯೆ ಹಾಕಿದರೆ ಎಲ್ಲವೂ ಆನ್‌ಲೈನ್‌ನಲ್ಲೇ ತಾಳೆಯಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಹೆಸರು ಹೊಂದಿಕೆಯಾದವರಿಗೆ. ಹೊಂದದವರಿಗೆ ಕಂಪ್ಯೂಟರ್ ತೋರಿಸುವುದು ಇದೇ ವರಾಂಡವನ್ನು.

2024ರ ನೀಟ್‌ನಲ್ಲಿ 1,563 ಮಂದಿಗೆ ಕೃಪಾಂಕ ಕೊಟ್ಟು, ಗಲಾಟೆಯಾಗಿ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, ವಾಪಸು ಪಡೆದು ಮರುಪರೀಕ್ಷೆಯ ಅವಕಾಶ ಕೊಟ್ಟರು. ದೊಡ್ಡವರ ತಪ್ಪಿಗೆ ಎರಡನೇ ಅವಕಾಶವಿದೆ. ಒಂದನೇ ತರಗತಿಗೆ ಸೇರಿಸಿಕೊಂಡ ದಿನ ಮೇಷ್ಟರು ಕೇಳಿಸಿಕೊಂಡಂತೆ ಬರೆದುಕೊಂಡ ಅಪ್ಪನ ಹೆಸರಿಗೆ ಇಲ್ಲ.

ಅದಕ್ಕಿಂತ ಘೋರವಾದದ್ದು ಆ ‘ಹತ್ತು ವರ್ಷ’. ನನ್ನ ಇನ್ನೊಬ್ಬ ವಿದ್ಯಾರ್ಥಿಯ ಅಪ್ಪ ಅಮ್ಮ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಮಗ ಮೂರನೇ ತರಗತಿ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಓದಿದ. ಶೆಡ್ಡಿನಲ್ಲಿ ಮಲಗಿ ಓದಿದ ಆ ಒಂದು ವರ್ಷದಿಂದ ಅವನು ಶಾಶ್ವತವಾಗಿ ನಗರದವನು. ಇತ್ತ ಹೆದ್ದಾರಿ ಬದಿಯಲ್ಲಿ, ಪಂಚಾಯಿತಿ ವ್ಯಾಪ್ತಿಯಲ್ಲಿ ತಲೆಯೆತ್ತಿದ ಭಾರಿ ಶುಲ್ಕದ ಖಾಸಗಿ ಶಾಲೆಗೆ ಪೇಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋದ ಮಗು ಕಾಗದದ ಮೇಲೆ ಹಳ್ಳಿ ಹೈದ. ಮೇಲುಸ್ತರದವರಿಗೆ ಸಿಗುವುದಿಲ್ಲವಲ್ಲ, ಆದಾಯ ಮಿತಿ ಇದೆಯಲ್ಲ ಎನ್ನಬೇಡಿ. ಈ ದೇಶದಲ್ಲಿ ಪೂರ್ತಿ ಆದಾಯ ತೋರಿಸುವವರು ನಮ್ಮಂಥ ಸಂಬಳದವರು ಮಾತ್ರ.

ತಮಾಷೆ ನೋಡಿ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಗ್ರಾಮೀಣ ಸೇವೆ ಮಾಡಲೇಬೇಕೆಂದು ಇದೇ ರಾಜ್ಯ 2012ರಲ್ಲಿ ಕಾಯ್ದೆ ತಂದಿತು. ಆಮೇಲೆ ಸಡಿಲಿಸಿದ್ದು ಬೇರೆ ಕಥೆ. ಹಳ್ಳಿಗೆ ವೈದ್ಯರು ಹೋಗುವುದಿಲ್ಲವೆಂಬ ಕೊರಗು ಪ್ರತಿ ಸರ್ಕಾರಕ್ಕೂ ಇದೆ. ಹಳ್ಳಿಯಿಂದಲೇ ವೈದ್ಯೆಯಾಗಲು ಹೊರಟವಳಿಗೆ ಮಾತ್ರ ನಾಡಿದ್ದು ಬನ್ನಿ.

ಇವತ್ತಿನ ಕಥೆ ಏನಾಯಿತು ಎನ್ನುತ್ತೀರಾ? ನಾನು ಫೋನ್ ಮಾಡಿದೆ. ನಮ್ಮ ಕಾಲೇಜಿನಲ್ಲೇ ಓದಿದವನೊಬ್ಬ ಅದೇ ಇಲಾಖೆಯಲ್ಲಿದ್ದಾನೆ. ಅವನು ಯಾರಿಗೋ ಹೇಳಿದ. ಮಧ್ಯಾಹ್ನದ ಊಟಕ್ಕೆ ಮೊದಲೇ ಸಾಹೇಬರ ಸಹಿ ಬಿತ್ತು. ಮಂಜಯ್ಯ, ಮಂಜುನಾಥ, ಮಂಜುನಾಥಯ್ಯ ಮೂವರೂ ಒಬ್ಬರೇ ಎಂದು ಇಲಾಖೆಗೆ ಮನವರಿಕೆಯಾಯಿತು. ನನಗೆ ಕುರ್ಚಿ, ಟೀ. ಪ್ರಭಾವ ಬಳಸಿದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ, ನಾಳೆಯೂ ಬಳಸುತ್ತೇನೆ. ಆದರೆ ಅಫಿಡವಿಟ್ ಇಲ್ಲದೆಯೂ ಆಗುವ ಕೆಲಸವೆಂದ ಮೇಲೆ ಬೆಳಗ್ಗೆ ಏಕೆ ಆಗಲಿಲ್ಲ? ನಮ್ಮ ಹಿಂದೆ ಇದೇ ಕೆಲಸಕ್ಕೆ ಇನ್ನೊಂದು ಹುಡುಗಿ ಅಜ್ಜಿಯ ಜೊತೆ ನಿಂತಿದ್ದಳು. ಅವಳ ಕಾಗದವನ್ನೂ ನಾನೇ ಒಳಗೆ ಒಯ್ದೆ. ಅವಳ ಹಿಂದೆ ಇದ್ದವರದ್ದು ಒಯ್ಯಲಿಲ್ಲ, ಅಷ್ಟು ಹೊತ್ತಿಗೆ ಊಟದ ವಿರಾಮವಾಗಿತ್ತು.

ಮಕ್ಕಳು ಈಗ ಒಂಬತ್ತು, ಹತ್ತನೆಯಲ್ಲಿರುವ ಊರ ಕಡೆಯ ಸ್ನೇಹಿತರೇ, ಹಳೆಯ ಶಾಲೆಗೆ ಈಗಲೇ ಹೋಗಿ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಹೆಸರು ಹೇಗಿದೆಯೆಂದು ನೋಡಿಕೊಳ್ಳಿ. ಹತ್ತನೆಯ ಅಂಕಪಟ್ಟಿ ಅಚ್ಚಾಗುವ ಮೊದಲೇ ಇನಿಷಿಯಲ್ ಸರಿಪಡಿಸಿ. ಆದಾಯ ಪತ್ರ ಮಾಡಿಸುವಾಗ ಆಧಾರ್ ಜೊತೆಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ಹಾಕಿ. ಕೊನೆಯ ವಾರಕ್ಕೆ ಬಿಡಬೇಡಿ, ಆಗ ಸಾಹೇಬರಿಗೆ ಮೀಟಿಂಗ್ ಇದ್ದೇ ಇರುತ್ತದೆ.