ಬೇಕಿದ್ದದ್ದು ಮಸಾಲೆ ದೋಸೆ, ಬಾಯಿಗೆ ಬಂದದ್ದು ಇಡ್ಲಿ

ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ. 1998ರಿಂದ ನಡೆದುಕೊಂಡು ಬಂದಿದೆ. ಆ ದಿನ ನನ್ನ ಮೇಲೆ ಪ್ರೀತಿ ಇರುವ ಒಬ್ಬರಲ್ಲ ಒಬ್ಬರು ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸುತ್ತಾರೆ. ಇಂಗ್ಲೆಂಡಿನ ದೊರೆ ಆರನೇ ಜಾರ್ಜ್, ಜೋ ಬೈಡನ್, ಹೃತಿಕ್ ರೋಷನ್. "ನೋಡು, ಇವರೆಲ್ಲ ಉಗ್ಗುತ್ತಿದ್ದವರೇ, ಎಲ್ಲಿಗೆ ಮುಟ್ಟಿದರು ನೋಡು!"

ಕಳಿಸುವವರ ಮನಸ್ಸು ಒಳ್ಳೆಯದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪಟ್ಟಿಯ ಜೊತೆ ನನಗೆ ಹಳೇ ಜಗಳವಿದೆ. ಅದು ಬಾಯಿಬಿಟ್ಟು ಹೇಳದ ಷರತ್ತೊಂದಿದೆ: ಸಿಂಹಾಸನ ಏರಿದರೆ, ಶ್ವೇತಭವನ ಸೇರಿದರೆ, ತೆರೆಯ ಮೇಲೆ ಮಿಂಚಿದರೆ ನಿನ್ನ ಉಗ್ಗು ಮಾಫಿ. (ಜಾರ್ಜ್ ದೊರೆಯಾದದ್ದು ಉಗ್ಗನ್ನು ಗೆದ್ದದ್ದಕ್ಕಲ್ಲ, 1936ರಲ್ಲಿ ಅವನ ಅಣ್ಣ ಪಟ್ಟ ಬಿಟ್ಟು ಹೊರಟುಹೋದದ್ದಕ್ಕೆ. ಅದು ಬೇರೆ ವಿಷಯ.) ಹಾಗಾದರೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ದಿನವೂ ಉಗ್ಗುವವನ ಬದುಕಿಗೆ ಏನು ಬೆಲೆ? ಅವನು ಯಾವ ಪಟ್ಟಿಗೂ ಸೇರುವುದಿಲ್ಲ. ನಾನೂ ಸೇರುವುದಿಲ್ಲ.

ಉಗ್ಗು ಇಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ನಮಗೆ ಪದ ಮರೆತಿರುವುದಿಲ್ಲ. ಪದ ಗೊತ್ತು, ನಾಲಿಗೆ ಸರಿಯಾದ ಜಾಗಕ್ಕೆ ಹೋಗಿ ನಿಂತೂ ಇರುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಬಹಳ ಜನ ಸಣ್ಣ ವಯಸ್ಸಿನಲ್ಲೇ ಪದ ಬದಲಾಯಿಸುವ ಕಸುಬು ಕಲಿತುಬಿಡುತ್ತೇವೆ. ನನ್ನ ಊರು ತಿಪಟೂರು. ಬೆಂಗಳೂರಿನಲ್ಲಿ ಬಸ್ಸು ಹತ್ತಿದರೆ ಆ 'ತಿ' ಹತ್ತಿರ ನಾಲಿಗೆ ಹಲ್ಲಿಗೆ ಅಂಟಿಕೊಳ್ಳುತ್ತಿತ್ತು. 'ಅರಸೀಕೆರೆ' ಸಲೀಸು. ಅದಕ್ಕೇ ಅರಸೀಕೆರೆಗೆ ಟಿಕೆಟ್ ತಗೊಂಡು ತಿಪಟೂರಿನಲ್ಲಿ ಇಳಿಯುತ್ತಿದ್ದೆ. "ಸಾರ್, ಅರಸೀಕೆರೆ ಇನ್ನೂ ಮುಂದೈತೆ" ಅಂತ ಕಂಡಕ್ಟರ್ ಕೂಗಿದರೆ "ಇಲ್ಲೇ ಇಳೀತೀನಿ" ಅನ್ನುವುದು. ಹೆಚ್ಚಿನ ದುಡ್ಡು ನಾಚಿಕೆಯ ಖಾತೆಗೆ ಖರ್ಚು.

ದರ್ಶಿನಿಯಲ್ಲೂ ಅದೇ. ಹಿಂದೆ ಕ್ಯೂ, ಮುಂದೆ ಚಿಲ್ಲರೆ ಎಣಿಸುತ್ತಿರುವ ಕ್ಯಾಶಿಯರ್. 'ಮಸಾಲೆ' ಅನ್ನಲು ತುಟಿ ಮುಚ್ಚಿದರೆ ಮತ್ತೆ ತೆರೆಯದು. ಅವನು ತಲೆ ಎತ್ತಿ ನೋಡುತ್ತಾನೆ. ನಾನು "ಇಡ್ಲಿ" ಅಂದುಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ನಾನು ತಿಂದ ಇಡ್ಲಿಗಳಲ್ಲಿ ಮನಸಾರೆ ತಿಂದವು ಕಡಿಮೆ. ಬದಲಾಯಿಸಲು ಆಗದೇ ಇದ್ದ ಒಂದೇ ಪದ ನನ್ನ ಹೆಸರು, ಅದೂ 'ಮ'ದಿಂದಲೇ ಶುರು. "ಏನ್ರೀ, ಹೆಸರೇ ಮರ್ತೋಯ್ತಾ?" ಅನ್ನುವ ಹಾಸ್ಯ ಎಷ್ಟು ಜನ ಮಾಡಿದ್ದಾರೋ ಲೆಕ್ಕವಿಲ್ಲ. ಪ್ರತಿಯೊಬ್ಬರಿಗೂ ಅದು ತಮಗೇ ಮೊದಲು ಹೊಳೆದದ್ದು ಎಂಬ ಖುಷಿ.

ಇನ್ನೊಂದು ಸಮಾಧಾನ ಕೇಳಿದ್ದೀರಾ? "ಉಗ್ಗುವವರು ಒಳ್ಳೆಯ ಕೇಳುಗರಾಗಿರ್ತಾರೆ" ಅನ್ನುವುದು. ಶುದ್ಧ ಸುಳ್ಳು. ನನ್ನ ಮಟ್ಟಿಗಂತೂ ಸುಳ್ಳು. ನೀವು ಮಾತಾಡುತ್ತಿದ್ದಾಗ ನಾನು ತಲೆ ಆಡಿಸುತ್ತಿದ್ದೆ, ಒಳಗೆ ಮಾತ್ರ ನನ್ನ ಮುಂದಿನ ವಾಕ್ಯದ ಕಲ್ಲುಮುಳ್ಳು ಆರಿಸುತ್ತಿದ್ದೆ. ಇಲ್ಲಿ 'ಮ' ಬರುತ್ತೆ, ಅದರ ಬದಲು ಏನು ಹಾಕಲಿ? ಗೆಳೆಯ ತನ್ನ ಅಪ್ಪನ ಕಾಯಿಲೆಯ ಸುದ್ದಿ ಹೇಳಿದ ದಿನವೂ ನನಗೆ ಅರ್ಧ ಮಾತ್ರ ಕೇಳಿಸಿತ್ತು. ಉಗ್ಗಿನಿಂದ ಕಳೆದುಕೊಂಡದ್ದಕ್ಕಿಂತ ಉಗ್ಗನ್ನು ಮುಚ್ಚಿಡಲು ಹೋಗಿ ಕಳೆದುಕೊಂಡದ್ದು ಹೆಚ್ಚು ಅಂತ ನಾನು ಹೇಳುವುದು ಇದಕ್ಕೇ. ಮಾತು ತಡವಾದರೆ ಕೆಲವು ಸೆಕೆಂಡು ಹೋಗುತ್ತವೆ. ಮುಚ್ಚಿಟ್ಟರೆ ಇಡೀ ಸಂಜೆಯೇ ಹೋಗುತ್ತದೆ.

ಈ ನಾಚಿಕೆಯನ್ನು ನಾವು ಹೊಟ್ಟೆಯಿಂದ ತಂದದ್ದಲ್ಲ. ನಮ್ಮ ಕಡೆ ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ಹರಕೆ ಹೊತ್ತರು. "ನಿಧಾನ, ಉಸಿರು ಎಳ್ಕೊಂಡು ಮಾತಾಡು" ಅಂತ ಬಂದವರೆಲ್ಲ ಹೇಳಿದರು. ಇದನ್ನೆಲ್ಲ ನೋಡಿ ಮಗುವಿಗೆ ಅರ್ಥವಾಗುವುದು ಒಂದೇ: ನನ್ನಲ್ಲಿ ಏನೋ ಕೆಟ್ಟಿದೆ. ನಮ್ಮವರನ್ನು ಬೈದು ಫಲವಿಲ್ಲ, ದೊಡ್ಡ ದೊಡ್ಡ ವೈದ್ಯರೇ ಇದಕ್ಕಿಂತ ಘೋರ ಮಾಡಿದ್ದಾರೆ. 1841ರಲ್ಲಿ ಜರ್ಮನಿಯ ಹೆಸರಾಂತ ಶಸ್ತ್ರವೈದ್ಯ ಡೀಫನ್‌ಬಾಖ್ ಉಗ್ಗು ವಾಸಿ ಮಾಡುತ್ತೇನೆಂದು ರೋಗಿಗಳ ನಾಲಿಗೆಯ ಬುಡವನ್ನೇ ಕತ್ತರಿಸಿದ, ಅದೂ ಅರಿವಳಿಕೆ ಇಲ್ಲದ ಕಾಲದಲ್ಲಿ. ಅದರ ಮುಂದೆ ನಮ್ಮಜ್ಜಿಯ ಬಜೆ ವಾಸಿ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು 1939ರಲ್ಲಿ ಅಮೆರಿಕದ ಅಯೋವಾದಲ್ಲಿ ನಡೆದದ್ದು. ಅನಾಥಾಶ್ರಮದ 22 ಮಕ್ಕಳ ಮೇಲೆ ಒಂದು ಪ್ರಯೋಗ. ಅವರಲ್ಲಿ ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳನ್ನು ಹಿಡಿದು "ನಿನಗೆ ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಬರದಿದ್ದರೆ ಮಾತಾಡಲೇಬೇಡ" ಅಂತ ತಿಂಗಳುಗಟ್ಟಲೆ ಹೇಳಿದರು. ಆ ಮಕ್ಕಳು ನಿಜಕ್ಕೂ ಉಗ್ಗುವವರಾಗಲಿಲ್ಲ. ಮಾತೇ ಕಡಿಮೆ ಮಾಡಿದರು, ಮುದುಡಿಕೊಂಡರು. ಕೆಲವರನ್ನು ಆ ಸಂಕೋಚ ಮುಪ್ಪಿನವರೆಗೂ ಬಿಡಲಿಲ್ಲ. ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಇದನ್ನು ಓದಿದ ರಾತ್ರಿ ನನಗೆ ಅನಿಸಿತು: ಉಗ್ಗು ಇಲ್ಲದ ಮಕ್ಕಳಿಗೂ ನನ್ನದೇ ನಾಚಿಕೆ ಬಂತಲ್ಲ! ಅಂದರೆ ಉಗ್ಗು ಬೇರೆ, ನಾಚಿಕೆ ಬೇರೆ. ಮೊದಲನೆಯದು ನನ್ನದು. ಎರಡನೆಯದನ್ನು ಯಾರೋ ಕಲಿಸಿದ್ದು.

ಉಗ್ಗಿನ ಬೇರು ಮಿದುಳು ಮಾತನ್ನು ಹೊಂದಿಸುವ ರೀತಿಯಲ್ಲಿದೆ, ವಂಶವಾಹಿಗಳಲ್ಲಿದೆ. 2010ರಲ್ಲಿ ಇದಕ್ಕೆ ಸಂಬಂಧಪಟ್ಟ ಕೆಲವು ಜೀನ್‌ಗಳೂ ಸಿಕ್ಕಿದವು. ಅಂಜುಬುರುಕತನದಿಂದ ಬರುವುದಲ್ಲ. ವಯಸ್ಕರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಇದೆ, ಅವರಲ್ಲಿ ಗಂಡಸರೇ ಹೆಚ್ಚು. ಕಡಿಮೆ ಸಂಖ್ಯೆಯಲ್ಲಿರುವ ಹೆಣ್ಣುಮಕ್ಕಳ ಪಾಡು, ಅದರಲ್ಲೂ ಗಂಡಿನ ಕಡೆಯವರು ಬಂದು ಎದುರು ಕೂತು "ಹೆಸರೇನಮ್ಮ?" ಅನ್ನುವ ಹೊತ್ತಿನ ಪಾಡು, ನಾನು ಹೇಳಿದರೆ ಮುಗಿಯುವಂಥದ್ದಲ್ಲ. ಅವರೇ ಬರೆಯಬೇಕು.

ನನಗೆ ತಿರುವು ಸಿಕ್ಕಿದ್ದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಪಾರ್ಕೊಂದರಲ್ಲಿ, ಉಗ್ಗುವವರದೇ ಒಂದು ಸಣ್ಣ ಗುಂಪಿನಲ್ಲಿ. ಹುಲ್ಲಿನ ಮೇಲೆ ದುಂಡಗೆ ಕೂತಿದ್ದೆವು. ಒಬ್ಬ ಆಟೋ ಡ್ರೈವರ್ ತನ್ನ ಹೆಸರು ಹೇಳಲು ಹೊರಟ. ಕಣ್ಣು ಮುಚ್ಚಿತು, ದವಡೆ ನಡುಗಿತು, ಕೊರಳಿನ ನರ ಉಬ್ಬಿತು. ನಾನು ಅಭ್ಯಾಸಬಲದಿಂದ ನೆಲ ನೋಡಿದೆ. ಉಳಿದವರು ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಾ ಸುಮ್ಮನೆ ಕಾದರು. ಯಾರೂ ಅವನ ಬಾಯಿಂದ ಪದ ಕಿತ್ತುಕೊಳ್ಳಲಿಲ್ಲ. ಹೆಸರು ಬಂತು. ಚಪ್ಪಾಳೆ ಬರಲಿಲ್ಲ. ಪಕ್ಕದಲ್ಲಿದ್ದವನು "ನಿಮ್ದು ಎಲ್‌ಪಿಜಿನಾ, ಸಿಎನ್‌ಜಿನಾ? ಮೈಲೇಜ್ ಎಷ್ಟು ಬರುತ್ತೆ?" ಅಂತ ಕೇಳಿದ, ಅದೂ ಉಗ್ಗುತ್ತಲೇ. ಮುಂದಿನ ಹತ್ತು ನಿಮಿಷ ನಡೆದದ್ದು ಗ್ಯಾಸ್ ಬಂಕಿನ ಕ್ಯೂ ಬಗ್ಗೆ.

ನನ್ನನ್ನು ಹಿಡಿದದ್ದು ಆ ಚಪ್ಪಾಳೆ ಇಲ್ಲದ್ದು. ಅಲ್ಲಿ ಅವನು ಧೈರ್ಯಶಾಲಿಯೂ ಅಲ್ಲ, ಪಾಪದವನೂ ಅಲ್ಲ, ಆಟೋ ಓಡಿಸುವ ಒಬ್ಬ ಮನುಷ್ಯ. ನಮ್ಮನ್ನು ನಾವು ಒಪ್ಪಿಕೊಳ್ಳುವುದೆಂದರೆ ಕನ್ನಡಿ ಮುಂದೆ ನಿಂತು "ನಾನು ಚೆಂದ, ನಾನು ಚೆಂದ" ಅನ್ನುವುದು ಅಂದುಕೊಂಡಿದ್ದೆ. ಅದು ನನ್ನಿಂದ ಯಾವತ್ತೂ ಆಗಿರಲಿಲ್ಲ, ಈಗಲೂ ಆಗದು. ಅಲ್ಲಿ ಕಲಿತದ್ದು ಬೇರೆಯೇ ಒಂದು ಉಪಾಯ, ವಾಕ್ ಚಿಕಿತ್ಸಕರೂ ಹೇಳಿಕೊಡುವಂಥದ್ದು: ಬೇಕೆಂದೇ ಉಗ್ಗುವುದು. ಉಗ್ಗು ಬರುವ ಮುಂಚೆ ನಾವೇ ಅದನ್ನು ಹೊರಗೆ ಕರೆದುಬಿಡುವುದು. ದರ್ಶಿನಿಯಲ್ಲಿ ಕ್ಯಾಶಿಯರನ ಕಣ್ಣು ನೋಡಿಕೊಂಡೇ "ಮ-ಮ-ಮ-ಮಸಾಲೆ ದೋಸೆ" ಅಂದೆ. ಎದೆ ಬಾಯಿಗೆ ಬಂದಿತ್ತು. ಅವನು ಕೇಳಿದ್ದು "ಒಂದಾ ಎರಡಾ?" ಅಂತ ಅಷ್ಟೇ.

ಇಷ್ಟು ಹೇಳಿದರೆ "ಹಾಗಾದರೆ ಚಿಕಿತ್ಸೆ ಬೇಡವಾ?" ಅಂತ ಕೇಳುವವರಿದ್ದಾರೆ. ಬೇಕು ಸ್ವಾಮಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಿಮ್ಮ ಮನೆಯ ಚಿಕ್ಕ ಮಗು ಉಗ್ಗುತ್ತಿದ್ದರೆ ಕರೆದುಕೊಂಡು ಹೋಗಿ, ಬೇಗ ಹೋದಷ್ಟೂ ಒಳ್ಳೆಯದು. ಬಹಳ ಮಕ್ಕಳಿಗೆ ತಾನಾಗಿಯೂ ಹೋಗುತ್ತದೆ. ನನ್ನ ತಕರಾರು ಚಿಕಿತ್ಸೆಯ ಮೇಲಲ್ಲ. ವಾಸಿಯಾದ ಮೇಲೆ ಬದುಕು ಶುರುವಾಗುತ್ತದೆ ಅನ್ನುವ ಲೆಕ್ಕಾಚಾರದ ಮೇಲೆ. ಆ ಲೆಕ್ಕದಲ್ಲಿ ನಾನು ಕೂತಿದ್ದರೆ ಮದುವೆಮನೆಗಳಿಗೆ ಹೋಗುತ್ತಿರಲಿಲ್ಲ, ಫೋನ್ ಎತ್ತುತ್ತಿರಲಿಲ್ಲ, ಅಮ್ಮನ ಜೊತೆ ಧಾರಾವಾಹಿಯ ಅತ್ತೆ ಬಗ್ಗೆ ವಾದ ಮಾಡುತ್ತಿರಲಿಲ್ಲ. ಉಗ್ಗು ಈಗಲೂ ಇದೆ. ವಾದದಲ್ಲಿ ಅಮ್ಮನೇ ಗೆಲ್ಲುವುದು, ಆದರೆ ಉಗ್ಗಿನಿಂದಲ್ಲ.

ಮತ್ತೆ, ಸಿನಿಮಾದಲ್ಲಿ ಉಗ್ಗುವವನನ್ನು ಕಂಡರೆ ಇವತ್ತಿಗೂ ಥಿಯೇಟರ್ ನಗುತ್ತದೆ. ಬರೆಯುವವರಿಗೆ ಜೋಕ್ ಸಿಗದಿದ್ದಾಗ ನಾವು ಸಿಗುತ್ತೇವೆ. ಅದರ ಮೇಲೆ ಇನ್ನೊಂದು ದಿನ ಉಗಿಯುತ್ತೇನೆ.

ಇಂಟರ್‌ವ್ಯೂನಲ್ಲಿ ಹೆಸರು ಹೇಳಲಾಗದೆ ಎದ್ದು ಬಂದು, "ಈ ಬಾಯಿ ಇಟ್ಕೊಂಡು ಬದುಕಿ ಏನು" ಅಂತ ಹಾಸ್ಟೆಲ್ ರೂಮಿನಲ್ಲಿ ಒಬ್ಬನೇ ಕೂತಿರುವ ಹುಡುಗ ಇದನ್ನು ಓದುತ್ತಿದ್ದರೆ: ಆ ಕೊಠಡಿ ನನಗೂ ಗೊತ್ತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಗ್ಗುವವನಿಗೆ ಫೋನ್ ಮಾಡು ಅನ್ನುವುದು ಕ್ರೂರ ತಮಾಷೆ ಅನ್ನಿಸಬಹುದು. ಮೊದಲ ಮಾತಾಗಿ "ನನಗೆ ಉಗ್ಗು ಇದೆ, ಸ್ವಲ್ಪ ಕಾಯಿರಿ" ಅನ್ನು. ಅದೂ ಆಗದಿದ್ದರೆ ಪಕ್ಕದ ರೂಮಿನವನ ಕೈಗೆ ಫೋನ್ ಕೊಡು.

ಅಥವಾ ನನಗೇ ಮೆಸೇಜ್ ಮಾಡು, ನಾನೇ ಕರೆ ಮಾಡುತ್ತೇನೆ. ಇಬ್ಬರೂ ಉಗ್ಗಿದರೆ ಮಾತು ಮುಗಿಯುವುದು ತಡವಾಗುತ್ತದೆ, ನಿಜ. ಈಗೆಲ್ಲ ಅನ್‌ಲಿಮಿಟೆಡ್ ಕರೆ, ಕಂಪನಿಗೆ ನಷ್ಟ, ನಮಗೇನು.