ಸೀಲ್ ತಾಯಿಗೆ ನಮ್ಮ ಸರ್ಟಿಫಿಕೇಟ್ ಬೇಕಾಗಿಲ್ಲ

ಮಂಜುಗಡ್ಡೆಯ ಮೇಲೆ ಮಲಗಿದ ಸೀಲ್ ಅನ್ನುವ ಕಡಲ ಪ್ರಾಣಿಯ ಬಿಳಿ ಮರಿ, ಇಷ್ಟಗಲ ಕಪ್ಪು ಕಣ್ಣು, ಹಿಂದೆ ಅಳು ಬರಿಸುವ ಪಿಯಾನೋ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ಅದರ ಜೊತೆ ಎರಡರಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಒಂದೋ 'ತಾಯಿಗಿಂತ ದೇವರಿಲ್ಲ', ಇಲ್ಲವೇ 'ಎಳೆ ಕೂಸನ್ನು ಬಿಟ್ಟು ಹೋಗುವ ಕಟುಕ ತಾಯಿ'. ಪ್ರಾಣಿ ಅದೇ, ಮರಿ ಅದೇ. ಬೆಳಗ್ಗೆ ದೇವತೆ, ಸಂಜೆ ರಾಕ್ಷಸಿ.

ನನಗೆ ಎರಡೂ ಹಿಡಿಸುವುದಿಲ್ಲ. ಮರಿ ಮುದ್ದಾಗಿದೆ, ಅದರಲ್ಲಿ ತಕರಾರಿಲ್ಲ. ನಾನೂ ಎರಡೆರಡು ಸಲ ನೋಡುತ್ತೇನೆ. ಆದರೆ ಸೀಲ್ ತಾಯಿ ಎಷ್ಟು ದಿನ ಮರಿಯ ಜೊತೆ ಇರುತ್ತದೆ ಅನ್ನುವುದಕ್ಕೂ ಅದರ ಮಮತೆ ಎಷ್ಟು ಅನ್ನುವುದಕ್ಕೂ ಸಂಬಂಧ ಕಟ್ಟುವುದು ನಮ್ಮ ಚಟ. ಮರಿ ಎಲ್ಲಿ ಮಲಗಿದೆ, ಕಾಲ ಕೆಳಗಿನ ಮಂಜು ಎಷ್ಟು ದಿನ ಗಟ್ಟಿ ಇರುತ್ತದೆ, ಮೀನು ಎಷ್ಟು ದೂರದಲ್ಲಿದೆ ಅನ್ನುವುದನ್ನು ಮೊದಲು ನೋಡಬೇಕು. ಉತ್ತರ ಬಹುಪಾಲು ಅಲ್ಲೇ ಇರುತ್ತದೆ.

ಎಲ್ಲರಿಗಿಂತ ಜಾಸ್ತಿ ಬೈಸಿಕೊಳ್ಳುವುದು ಹುಡೆಡ್ ಸೀಲ್ ಅನ್ನುವ ಜಾತಿ. ಉತ್ತರ ಅಟ್ಲಾಂಟಿಕ್‌ನಲ್ಲಿ, ಗ್ರೀನ್‌ಲ್ಯಾಂಡ್ ಮತ್ತು ನ್ಯೂಫೌಂಡ್‌ಲ್ಯಾಂಡ್ ಆಸುಪಾಸಿನ ತೇಲುವ ಮಂಜಿನ ಮೇಲೆ ಇದು ಮರಿ ಹಾಕುತ್ತದೆ. ಹಾಲು ಕೊಡುವುದು ಸುಮಾರು 4 ದಿನ. ಅಷ್ಟೇ. ಸಸ್ತನಿಗಳಲ್ಲೇ ಇಷ್ಟು ಬೇಗ ಹಾಲು ಬಿಡಿಸುವ ಪ್ರಾಣಿ ಇನ್ನೊಂದಿಲ್ಲ. ಐದನೇ ದಿನದ ಹೊತ್ತಿಗೆ ತಾಯಿ ನೀರಿಗಿಳಿದು ಹೋಗಿರುತ್ತದೆ, ತಿರುಗಿ ಬರುವುದಿಲ್ಲ.

ಕೇಳಿದರೆ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಈಗ ಆ 4 ದಿನದಲ್ಲಿ ಏನಾಗುತ್ತದೆ ನೋಡಿ. ಹುಟ್ಟುವಾಗ ಮರಿಯ ತೂಕ 22ರಿಂದ 25 ಕಿಲೋ. ದಿನಕ್ಕೆ ಹತ್ತಿರ ಹತ್ತಿರ 7 ಕಿಲೋ ಏರುತ್ತದೆ. ತಾಯಿ ಹೊರಡುವಾಗ ಮರಿ ಎರಡು ಪಟ್ಟಾಗಿರುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 4ರ ಆಸುಪಾಸು. ಇದರ ಹಾಲಿನಲ್ಲಿ ಸುಮಾರು ಶೇ. 60. ಹಾಲು ಅನ್ನುವುದಕ್ಕಿಂತ ಕರಗಿದ ಬೆಣ್ಣೆ ಅಂದರೆ ಹೆಚ್ಚು ಸರಿ. ಕೊಟ್ಟ ತಾಯಿಯ ಮೈ ಅಷ್ಟೇ ವೇಗದಲ್ಲಿ ಇಳಿಯುತ್ತದೆ.

ಇಷ್ಟು ಅವಸರ ಯಾಕೆ? ಆ ಮಂಜಿಗೆ ಗ್ಯಾರಂಟಿ ಇಲ್ಲ. ಒಂದು ಬಿರುಗಾಳಿ ಎದ್ದರೆ ಮರಿ ಮಲಗಿದ ಹಾಸು ಚೂರಾಗಬಹುದು, ಒಂದರ ಮೇಲೊಂದು ಬಂದು ಕುಟ್ಟಬಹುದು. ಹಿಮಕರಡಿಯ ಭಯ ಬೇರೆ. ಅಲ್ಲಿ ತಿಂಗಳುಗಟ್ಟಲೆ ಕೂತು ಹಾಲು ಕುಡಿಸುವ ಮಾತೇ ಇಲ್ಲ. ಇನ್ನೊಂದು ಲೆಕ್ಕವೂ ಇದೆ. ಹಾಲು ಕೊಡುವಾಗ ತಾಯಿ ಬೇಟೆಗೆ ಹೋಗುವುದಿಲ್ಲ, ಕೂಡಿಟ್ಟ ಕೊಬ್ಬಿನಲ್ಲೇ ಬದುಕುತ್ತದೆ. ಒಂದೊಂದು ದಿನ ಜಾಸ್ತಿ ಕೂತಷ್ಟೂ ಆ ಕೊಬ್ಬಿನಲ್ಲಿ ಒಂದು ಪಾಲು ತಾಯಿಯ ಸ್ವಂತ ಮೈ ಬಿಸಿ ಇಡುವುದಕ್ಕೇ ಖರ್ಚಾಗುತ್ತದೆ. ಬೇಗ ಮುಗಿಸಿದರೆ ಅದೂ ಮರಿಗೇ ಸೇರುತ್ತದೆ. 4 ದಿನ ಅಂದರೆ ಜಿಪುಣತನ ಅಲ್ಲ, ಇರುವುದನ್ನೆಲ್ಲ ಒಂದೇ ಏಟಿಗೆ ಸುರಿದು ಹೋಗುವುದು.

ವಿಡಿಯೋಗಳಲ್ಲಿ ಕಾಣುವ ಬಿಳಿ ಮರಿ ಸಾಮಾನ್ಯವಾಗಿ ಹಾರ್ಪ್ ಸೀಲ್‌ನದು. ಅದಕ್ಕೆ ಸುಮಾರು 12 ದಿನ ಹಾಲು. 11 ಕಿಲೋದ ಮರಿ ಅಷ್ಟರಲ್ಲಿ 35 ಕಿಲೋ ಮುಟ್ಟುತ್ತದೆ. ಆಮೇಲೆ ತಾಯಿ ಹೋಗುತ್ತದೆ, ಬಿಳಿ ಕೂದಲು ಉದುರುತ್ತದೆ, ಮರಿ ವಾರಗಟ್ಟಲೆ ಒಂಟಿಯಾಗಿ, ಮೈಯಲ್ಲಿನ ಕೊಬ್ಬು ಕರಗಿಸಿಕೊಂಡು ಮಂಜಿನ ಮೇಲೇ ಇರುತ್ತದೆ. 'ಅನಾಥ ಮರಿ' ಅಂತ ಹಂಚುವ ಫೋಟೋಗಳಲ್ಲಿ ಎಷ್ಟೋ ಇಂಥವೇ. ಅದು ಅನಾಥ ಅಲ್ಲ, ಹಾಲು ಬಿಟ್ಟ ಮರಿ.

ಅಂದಹಾಗೆ, 'ಕಟುಕ ಅಪ್ಪ' ಅಂತ ಬರೆದದ್ದನ್ನು ನಾನಂತೂ ನೋಡಿಲ್ಲ. ಸೀಲ್‌ಗಳಲ್ಲಿ ಅಪ್ಪನ ಪಾಲು ಸೊನ್ನೆ. ಹಲವು ಜಾತಿಗಳಲ್ಲಿ ಮರಿ ಹಾಲು ಬಿಡುವ ಹೊತ್ತಿಗೆ ಗಂಡು ಬರುತ್ತದೆ, ತಾಯಿಯ ಜೊತೆ ಕೂಡುತ್ತದೆ, ಹೋಗುತ್ತದೆ. ಹೊಸ ಭ್ರೂಣ ಕೆಲವು ತಿಂಗಳು ಬೆಳೆಯದೆ ಹೊಟ್ಟೆಯಲ್ಲಿ ಸುಮ್ನೆ ಕಾದಿದ್ದು ಆಮೇಲೆ ಬೆಳೆಯಲು ಶುರು ಮಾಡುತ್ತದೆ. ಹೀಗಾಗಿ ಮುಂದಿನ ವರ್ಷವೂ ಮರಿ ಹುಟ್ಟುವುದು ಅದೇ ಕಾಲಕ್ಕೆ. ಬೈಗುಳದ ಪಾಲು ಮಾತ್ರ ಪೂರ್ತಿ ಹೆಣ್ಣಿಗೆ. ಇದರಲ್ಲಿ ಸೀಲ್‌ಗಿಂತ ನಮ್ಮ ಬುದ್ಧಿಯೇ ಜಾಸ್ತಿ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ಆನ್ಯೊ ನ್ಯೂವೊ ತೀರದಲ್ಲಿ ಎಲಿಫೆಂಟ್ ಸೀಲ್‌ಗಳು ಡಿಸೆಂಬರಿನಿಂದ ಮರಿ ಹಾಕುತ್ತವೆ. ಅಲ್ಲಿ ಗಟ್ಟಿ ನೆಲ, ಮಂಜು ಒಡೆಯುವ ಚಿಂತೆ ಇಲ್ಲ. ಹಾಗಾಗಿ ಸುಮಾರು 4 ವಾರ ಹಾಲು. ಶುರುವಿನಲ್ಲಿ ತೆಳ್ಳಗಿದ್ದ ಹಾಲು ಕೊನೆಯ ಹೊತ್ತಿಗೆ ಅರ್ಧಕ್ಕರ್ಧ ಕೊಬ್ಬಾಗುತ್ತದೆ. 35 ಕಿಲೋದ ಮರಿ 130 ಕಿಲೋ ಆಗುತ್ತದೆ. ಅಷ್ಟೂ ದಿನ ತಾಯಿ ಅನ್ನ ನೀರು ಮುಟ್ಟುವುದಿಲ್ಲ, ತೂಕದಲ್ಲಿ ಶೇ. 40ರಷ್ಟು ಕಳೆದುಕೊಳ್ಳುತ್ತದೆ. ಇಲ್ಲಿಗೆ ನಿಲ್ಲಿಸಿದರೆ 'ತ್ಯಾಗಮಯಿ' ಅಂತ ಪೋಸ್ಟ್ ಹಾಕಬಹುದು. ಆದರೆ ಅದೇ ತೀರದಲ್ಲಿ ದಾರಿ ತಪ್ಪಿದ ಬೇರೆ ಮರಿ ಹಾಲಿಗೆ ಬಾಯಿ ಹಾಕಿದರೆ ಇದೇ ತಾಯಿ ಕಚ್ಚಿ ಎಸೆಯುತ್ತದೆ. ಕೆಲವು ಮರಿಗಳು ಆ ಕಡಿತದಲ್ಲೇ ಸಾಯುತ್ತವೆ. ಇನ್ನು ಕೆಲವು ಹೆಣ್ಣುಗಳು ಕಂಡವರ ಮರಿಗೂ ಹಾಲು ಕೊಡುತ್ತವೆ. ಎರಡು ತಾಯಂದಿರ ಹಾಲು ಗಿಟ್ಟಿಸಿದ ಪುಣ್ಯವಂತ ಮರಿ ಗುಂಡಗಾಗಿ 250 ಕಿಲೋ ದಾಟುವುದೂ ಉಂಟು. ಅದಕ್ಕೆ ಅಲ್ಲಿನವರು 'ಸೂಪರ್‌ವೀನರ್', ಅಂದರೆ ಹಾಲು ಬಿಟ್ಟ ಭಾರೀ ಮರಿ, ಅಂತ ಹೆಸರಿಟ್ಟಿದ್ದಾರೆ. ದೇವತೆ ರಾಕ್ಷಸಿ ಲೆಕ್ಕದಲ್ಲಿ ಇವನ್ನೆಲ್ಲ ಯಾವ ಕಾಲಮ್ಮಿಗೆ ಹಾಕುತ್ತೀರಿ?

ತಾಯಿ ಹೋದ ಮೇಲೆ ಈ ಮರಿಗಳು ಎರಡು ತಿಂಗಳಿಗೂ ಜಾಸ್ತಿ ದಡದಲ್ಲೇ ಉಪವಾಸ ಇರುತ್ತವೆ. ಈಜು ಕಲಿಸುವವರು ಯಾರೂ ಇಲ್ಲ. ಮೊದಲು ದಡದ ಕಡಿಮೆ ನೀರಿನಲ್ಲಿ ಹೊರಳಾಟ, ಆಮೇಲೆ ಸ್ವಲ್ಪ ಆಳ. ಈ ಉಪವಾಸದ ದಿನಗಳಲ್ಲೇ ಅವುಗಳ ರಕ್ತಕ್ಕೆ ಆಮ್ಲಜನಕ ಹಿಡಿದಿಡುವ ಶಕ್ತಿ ಬೆಳೆಯುತ್ತದೆ. ಆಳಕ್ಕೆ ಮುಳುಗಲು ಅದು ಬೇಕೇ ಬೇಕು.

ಹಾಗಂತ ಯಾವ ಸೀಲ್ ತಾಯಿಯೂ ಮರಿಯನ್ನು ನೀರಿಗೆ ಕರೆದೊಯ್ಯುವುದಿಲ್ಲ ಅಂದುಕೊಳ್ಳಬೇಡಿ. ಅಂಟಾರ್ಕ್ಟಿಕಾದ ವೆಡೆಲ್ ಸೀಲ್ ಇದೆ. ನನ್ನ ಮಟ್ಟಿಗೆ ಇಡೀ ಸಂಸಾರದಲ್ಲಿ ನೋಡಬೇಕಾದ ತಾಯಿ ಅಂದರೆ ಇದು. ಇದರ ಮಂಜು ದಡಕ್ಕೆ ಅಂಟಿಕೊಂಡ ದಪ್ಪ ಹಾಸು, ಬೇಗ ಒಡೆಯುವುದಿಲ್ಲ. ಆದ್ದರಿಂದ ಸುಮಾರು 6 ವಾರ ಹಾಲು. ಒಂದೆರಡು ವಾರಕ್ಕೇ ಮರಿ ತಾಯಿಯ ಜೊತೆ ನೀರಿಗಿಳಿಯುತ್ತದೆ. ಆದರೆ ಕೆಳಗೆ ಸಮುದ್ರ, ಮೇಲೆ ಮುಚ್ಚಳ ಹಾಕಿದ ಹಾಗೆ ಮಂಜು. ಉಸಿರಿಗೆ ಇರುವುದು ಒಂದು ಕಿಂಡಿ, ಅದೂ ಬಿಟ್ಟರೆ ಮತ್ತೆ ಹೆಪ್ಪುಗಟ್ಟುತ್ತದೆ. ಸೀಲ್ ಏನು ಮಾಡುತ್ತದೆ ಗೊತ್ತಾ? ಬಾಯಿ ಅಗಲಕ್ಕೆ ತೆರೆದು ಮೇಲಿನ ಹಲ್ಲುಗಳನ್ನು ಮಂಜಿನ ಅಂಚಿಗೆ ಊರುತ್ತದೆ, ತಲೆಯನ್ನು ಆ ಕಡೆ ಈ ಕಡೆ ಬೀಸಿ ಬೀಸಿ ಉಜ್ಜುತ್ತದೆ. ಗರಗರ ಸದ್ದು, ಮುಖದ ತುಂಬ ಮಂಜಿನ ಪುಡಿ. ಒಂದು ದಿನದ ಕೆಲಸ ಅಲ್ಲ ಇದು, ಚಳಿಗಾಲ ಪೂರ್ತಿ, ಜೀವಮಾನ ಪೂರ್ತಿ. ವಯಸ್ಸಾದ ಸೀಲ್‌ಗಳ ಹಲ್ಲು ಸವೆದು ಮೊಂಡಾಗಿರುತ್ತವೆ. ಹಲ್ಲು ಹೋದರೆ ಕಿಂಡಿಯೂ ಹೋಯಿತು, ಬೇಟೆಯೂ ಹೋಯಿತು.

ಆರ್ಕ್ಟಿಕ್‌ನ ರಿಂಗ್ಡ್ ಸೀಲ್ ಇನ್ನೂ ಬೇರೆ. ಅದರ ಮರಿ ಬರೀ 4-5 ಕಿಲೋ. ಕಿಂಡಿಯ ಮೇಲೆ ಬಿದ್ದ ಹಿಮದ ಗುಡ್ಡೆಯೊಳಗೆ ತಾಯಿ ಉಗುರಿನಿಂದ ಗೂಡು ಕೊರೆದು ಅಲ್ಲಿ ಮರಿ ಹಾಕುತ್ತದೆ. ಒಂದೇ ಗೂಡಲ್ಲ, ಹತ್ತಿರದಲ್ಲೇ ಇನ್ನೂ ಕೆಲವು. ಹಿಮಕರಡಿ ವಾಸನೆ ಹಿಡಿದು ಚಾವಣಿ ಕುಟ್ಟಿದರೆ ಇನ್ನೊಂದು ಗೂಡಿಗೆ ಹೋಗಬೇಕಲ್ಲ. ಹಿಮವೇ ಸಾಕಷ್ಟು ಬೀಳದಿದ್ದರೆ ಗೂಡೂ ಇಲ್ಲ, ಮರಿಗೆ ರಕ್ಷಣೆಯೂ ಇಲ್ಲ. ಫಿನ್‌ಲ್ಯಾಂಡಿನ ಸೈಮಾ ಸರೋವರದಲ್ಲಿ ಇದೇ ಬಳಗದ ಸೀಲ್‌ಗಳು ಕೆಲವೇ ನೂರು ಉಳಿದಿವೆ. ಹಿಮ ಕಡಿಮೆ ಬಿದ್ದ ವರ್ಷ ಅಲ್ಲಿನ ಸ್ವಯಂಸೇವಕರು ಸಲಿಕೆ ಹಿಡಿದು ಮಂಜಿನ ಮೇಲೆ ಹಿಮದ ಗುಡ್ಡೆ ಒಟ್ಟಿಕೊಡುತ್ತಾರೆ. ಸೀಲ್ ಬಂದು ಅದರಲ್ಲಿ ಗೂಡು ಕೊರೆದು ಮರಿ ಹಾಕುತ್ತದೆ. ಪ್ರಾಣಿಪ್ರೀತಿ ಅಂದರೆ ನನಗೆ ಇದು ಇಷ್ಟ. ಮರಿಯನ್ನು ಎತ್ತಿಕೊಳ್ಳುವುದಿಲ್ಲ, ಸೆಲ್ಫಿ ಇಲ್ಲ, ಹಿಮ ಒಟ್ಟಿ ಮನೆಗೆ ಹೋಗುತ್ತಾರೆ.

ಈಗ ಫರ್ ಸೀಲ್‌ಗಳ ಕಥೆ. ಇವುಗಳ ತಾಯಿಗೆ ತಿಂಗಳಿಗಾಗುವಷ್ಟು ಕೊಬ್ಬು ಕೂಡಿಡಲು ಆಗುವುದಿಲ್ಲ. ಹತ್ತಿರ ಹತ್ತಿರ ಒಂದು ವಾರ ಮರಿಯ ಜೊತೆ ಇದ್ದು ಸಮುದ್ರಕ್ಕೆ ಹೋಗಿ ತಿಂದು ಬರಬೇಕು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಆಮ್‌ಸ್ಟರ್‌ಡ್ಯಾಮ್ ಅನ್ನುವ ಪುಟ್ಟ ದ್ವೀಪವಿದೆ. ಅಲ್ಲಿನ ಫರ್ ಸೀಲ್ ತಾಯಿ ಒಮ್ಮೆ ಹೋದರೆ ಬರುವುದು ಎರಡು ಮೂರು ವಾರಕ್ಕೆ. ಬಂದಾಗ ದಡದಲ್ಲಿ ನೂರಾರು ಮರಿಗಳು, ಎಲ್ಲವೂ ಹಸಿದವು, ಎಲ್ಲವೂ ಕಪ್ಪು. ತಾಯಿ ಬಂಡೆ ಹತ್ತಿ ಕತ್ತು ಚಾಚಿ ಕೂಗುತ್ತದೆ. ಆ ಗದ್ದಲದ ನಡುವೆ ಒಂದು ಮರಿ ಉತ್ತರ ಕೊಟ್ಟು ಬಂಡೆಗಳ ಮೇಲೆ ತೆವಳಿಕೊಂಡು ಬರುತ್ತದೆ. ಹತ್ತಿರ ಬಂದ ಮೇಲೆ ತಾಯಿ ಮೂಗಿಟ್ಟು ಮೂಸಿ ನೋಡಿ, ತನ್ನದೇ ಅಂತ ಗಟ್ಟಿಯಾದರೆ ಮಾತ್ರ ಹಾಲು.

ಸಂಶೋಧಕಿ ಇಸಾಬೆಲ್ ಶಾರಿಯೇ ಮತ್ತು ಸಂಗಡಿಗರು 2001ರಲ್ಲಿ ಇದೇ ದ್ವೀಪದಿಂದ ಒಂದು ವಿಷಯ ವರದಿ ಮಾಡಿದರು. ಮರಿ ತಾಯಿಯ ದನಿ ಗುರುತು ಹಿಡಿಯಲು ಹುಟ್ಟಿದ ಮೇಲೆ 2ರಿಂದ 5 ದಿನ ಬೇಕು. ತಾಯಿ ಮೊದಲ ಸಲ ಸಮುದ್ರಕ್ಕೆ ಹೊರಡುವುದು ಮರಿಗೆ ಆ ಗುರುತು ಬಂದ ಮೇಲೆಯೇ. ಅಲಾಸ್ಕಾ ಕಡೆಯ ಫರ್ ಸೀಲ್‌ಗಳ ಮೇಲೆ ಇನ್ನೊಬ್ಬ ಸಂಶೋಧಕ ಸ್ಟೀಫನ್ ಇನ್ಸ್ಲಿ 2000ದಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಸೊಗಸು. ತಾಯಿ ಮರಿ ಒಂದರ ದನಿಯನ್ನು ಇನ್ನೊಂದು 4 ವರ್ಷದ ಮೇಲೂ ಗುರುತಿಸುತ್ತವೆ. ಅಲ್ಲಿ ಮರಿ ಹಾಲು ಕುಡಿಯುವುದು ಸುಮಾರು 4 ತಿಂಗಳು ಮಾತ್ರ. ಆ ಗುರುತು ಉಳಿದು ಅವಕ್ಕೇನು ಉಪಯೋಗವೋ, ಒಟ್ಟಿನಲ್ಲಿ ಉಳಿಯುತ್ತದೆ.

ಹಾಗಾದರೆ ಜಾಸ್ತಿ ದಿನ ಹಾಲು ಕೊಡುವುದೇ ಒಳ್ಳೆಯದು ಅನ್ನುವವರು ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಫರ್ ಸೀಲ್ ಕಡೆ ತಿರುಗಬೇಕು. ಅಲ್ಲಿ ಮೀನು ಯಾವಾಗ ಸಿಗುತ್ತದೆ ಅಂತ ಹೇಳಲಾಗದು. ಹಾಗಾಗಿ 2, ಕೆಲವೊಮ್ಮೆ 3 ವರ್ಷದವರೆಗೆ ಹಾಲು. ಅಷ್ಟರೊಳಗೆ ಎರಡನೇ ಮರಿ ಹುಟ್ಟಿರುತ್ತದೆ. ದೊಡ್ಡದು ಜಾಗ ಬಿಡುವುದಿಲ್ಲ, ಚಿಕ್ಕದನ್ನು ಕಚ್ಚಿ ಎಳೆದು ಹಾಕುತ್ತದೆ. ತಾಯಿ ಕೆಲವು ಸಲ ದೊಡ್ಡದನ್ನು ಕಚ್ಚಿ ಓಡಿಸಿ ಚಿಕ್ಕದನ್ನು ಕಾಯುತ್ತದೆ. ಆದರೂ ಎಷ್ಟೋ ಎಳೆ ಮರಿಗಳು ಹಸಿವಿನಿಂದ ಸಾಯುತ್ತವೆ. 1982-83ರಲ್ಲಿ ಎಲ್ ನಿನೋ, ಅಂದರೆ ಆ ಕಡಲ ನೀರು ಬಿಸಿಯೇರಿ ಮೀನು ಕಡಿಮೆಯಾಗುವ ಕಾಲ, ಬಂದಾಗಲಂತೂ ಆ ವರ್ಷ ಹುಟ್ಟಿದ ಮರಿಗಳು ಹೆಚ್ಚೂ ಕಡಿಮೆ ಪೂರ್ತಿ ಹೋದವು. ಇದಕ್ಕೆ ಪಿಯಾನೋ ಹೊಂದುವುದಿಲ್ಲ, ಹಾಗಾಗಿ ಇದು ನಮ್ಮ ಫೋನಿಗೆ ಬರುವುದೂ ಇಲ್ಲ.

ಇಷ್ಟಕ್ಕೂ ನನಗೇಕೆ ಇಷ್ಟು ಸಿಟ್ಟು? ಯಾರೋ ಕಣ್ಣೀರು ಇಮೋಜಿ ಹಾಕಿದರೆ ಸೀಲ್‌ಗೇನು ನಷ್ಟ? ನಷ್ಟ ಇದೆ. ಹಾರ್ಬರ್ ಸೀಲ್ ಮರಿ ಹುಟ್ಟಿದ ಕೆಲವೇ ಗಂಟೆಯಲ್ಲಿ ಈಜುತ್ತದೆ. ತಾಯಿ ಕೂಡಿಟ್ಟ ಕೊಬ್ಬು ಸಾಲದೆ, ನಡುವೆ ಮರಿಯನ್ನು ದಡದಲ್ಲಿ ಬಿಟ್ಟು ಬೇಟೆಗೆ ಹೋಗಿ ಬರುತ್ತದೆ. ಆ ಹೊತ್ತಿಗೆ ಬೀಚಿಗೆ ಬಂದ ಜನ 'ಅಯ್ಯೋ, ತಾಯಿ ಬಿಟ್ಟು ಹೋಗಿದೆ' ಅಂತ ಸುತ್ತ ನೆರೆಯುತ್ತಾರೆ. ಒಬ್ಬರು ನೀರು ಎರಚುತ್ತಾರೆ, ಒಬ್ಬರು ಟವಲ್ ಸುತ್ತುತ್ತಾರೆ, ಕೆಲವರು ಎತ್ತಿ ಕಾರಿಗೇ ಹಾಕಿಕೊಳ್ಳುತ್ತಾರೆ. ತಾಯಿ ತಿರುಗಿ ಬಂದರೂ ಜನ ಇರುವವರೆಗೆ ದಡ ಹತ್ತುವುದಿಲ್ಲ. ತಾಯಿ ಇರುವ ಮರಿ ನಿಜವಾಗಿ ಅನಾಥವಾಗುವುದು ಹೀಗೆ. ಅಮೆರಿಕದಲ್ಲಿ 1972ರ ಕಡಲ ಸಸ್ತನಿ ಕಾಯ್ದೆಯ ಪ್ರಕಾರ ಹೀಗೆ ಮುಟ್ಟುವುದು, ಕಾಡುವುದು ಅಪರಾಧ. ಆದರೂ ನಡೆಯುತ್ತಲೇ ಇದೆ. ಮಾಡುವವರು ಕೆಟ್ಟವರಲ್ಲ. 'ಕಟುಕ ತಾಯಿ' ಅನ್ನುವ ಕಥೆ ತಲೆಯಲ್ಲಿ ಕೂತಿರುತ್ತದೆ, ಅಷ್ಟೇ.

ಇನ್ನೊಂದು ಕಡೆ, ನಿಜವಾಗಿ ಅಳಬೇಕಾದ ಸುದ್ದಿ ಹೆಚ್ಚು ಜನ ಹಂಚಲೇ ಇಲ್ಲ. 2023ರಲ್ಲಿ ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ತಗುಲಿ ಸುಮಾರು 17,000 ಎಲಿಫೆಂಟ್ ಸೀಲ್ ಮರಿಗಳು ಸತ್ತವು. ಆ ವರ್ಷ ಅಲ್ಲಿ ಹುಟ್ಟಿದವುಗಳಲ್ಲಿ ಶೇ. 95ಕ್ಕೂ ಜಾಸ್ತಿ.

ಮುಂದೆ ಎಲ್ಲಾದರೂ ಕಡಲ ದಡದಲ್ಲಿ ಒಂಟಿ ಸೀಲ್ ಮರಿ ಕಂಡರೆ ಹತ್ತಿರ ಹೋಗಬೇಡಿ, ನಾಯಿ ಇದ್ದರೆ ಹಿಡಿದುಕೊಳ್ಳಿ, ಜೊತೆಗಿದ್ದವರನ್ನೂ ದೂರ ಕರೆದುಕೊಂಡು ಹೋಗಿ. ಗಾಯ ಕಂಡರೆ, ಇಲ್ಲವೇ ಮೈಗೆ ಬಲೆ ಸುತ್ತಿಕೊಂಡಿದ್ದರೆ, ಅಲ್ಲಿನ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ ಜಾಗ ಹೇಳಿ. ಉಳಿದದ್ದು ಅವರು ನೋಡಿಕೊಳ್ಳುತ್ತಾರೆ.